ಅಧ್ಯಕ್ಷರ ಕೊನೆಯ ಸಹಿ

ನಿವೃತ್ತಿಯಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಎಂದು ನನಗೆ ತುಂಬ ಜನ ಹೇಳಿದ್ದರು. ನನ್ನದು ಆಗಲಿಲ್ಲ. ಬೆಳ್ತಂಗಡಿಯಿಂದ ಬಂಟ್ವಾಳದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತಾಗಲೆಲ್ಲ ದಾರಿಯ ಒಂದು ಪೇಟೆ ಬರುವ ಮೊದಲೇ ನಾನು ಕಿಟಕಿಯ ಪಕ್ಕಕ್ಕೆ ಸರಿದುಕೊಳ್ಳುತ್ತೇನೆ. ಅಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಮುಂದೆ ಪೈಪುಗಳನ್ನು ಕಟ್ಟಿ ನಿಲ್ಲಿಸಿರುತ್ತಾರೆ, ಒಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಮಾಲೀಕರು ಕೂತಿರುತ್ತಾರೆ. ಅವರ ಮುಖ ಕಂಡರೆ ಆ ದಿನ ನನಗೆ ಊಟ ರುಚಿಸುತ್ತದೆ. ಹೀಗೆಲ್ಲ ಬರೆಯಬಾರದು, ಮಕ್ಕಳಿಗೆ ಪಾಠ ಹೇಳಿದವಳು ನೀನು ಎಂದು ನನ್ನ ತಂಗಿ ಹೇಳುತ್ತಾಳೆ. ಅವಳು ಯಾವತ್ತೂ ಸರಕಾರಿ ಶಾಲೆಯ ಮುಖ್ಯ ಶಿಕ್ಷಕಿಯಾಗಿರಲಿಲ್ಲ.

ಆ ಅಂಗಡಿಯವರು ನಮ್ಮ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರಾಗಿದ್ದರು. ಎಸ್‌ಡಿಎಂಸಿ ಎಂದರೆ ಶಾಲೆಯ ಆಡಳಿತ ನೋಡಿಕೊಳ್ಳಲು ಪೋಷಕರೇ ತಮ್ಮೊಳಗಿನಿಂದ ಆರಿಸುವ ಸಮಿತಿ. ಶಾಲೆಗೆ ಸರಕಾರದ ಅನುದಾನ ಬರಲಿ, ಊರವರ ದೇಣಿಗೆ ಬರಲಿ, ಎಲ್ಲವೂ ಬ್ಯಾಂಕಿನ ಒಂದು ಜಂಟಿ ಖಾತೆಗೆ ಬೀಳುತ್ತದೆ. ಅದರಿಂದ ಒಂದು ಡಬ್ಬಿ ಸೀಮೆಸುಣ್ಣ ತರುವುದಿದ್ದರೂ ಚೆಕ್ಕಿನ ಮೇಲೆ ಎರಡು ಸಹಿ ಬೇಕು, ಮುಖ್ಯ ಶಿಕ್ಷಕರದ್ದು ಒಂದು, ಅಧ್ಯಕ್ಷರದ್ದು ಒಂದು. ನಿಯಮ ಒಳ್ಳೆಯದೇ. ಒಬ್ಬರೇ ತಿನ್ನಬಾರದು ಎಂದು ಮಾಡಿದ್ದು. ಆದರೆ ಒಬ್ಬರು ಹಟಕ್ಕೆ ಬಿದ್ದರೆ ಇಡೀ ಶಾಲೆ ಬಾಯಿ ಬಾಯಿ ಬಿಡಬೇಕಾಗುತ್ತದೆ ಎಂಬುದನ್ನು ನಿಯಮ ಬರೆದವರು ಯೋಚಿಸಿರಲಿಲ್ಲ.

ನಮ್ಮ ಜಗಳ ಶುರುವಾದದ್ದು ಒಂದು ಬೆಂಚಿನಿಂದ.

ನಮ್ಮ ಕಡೆ ಶಾಲೆಗೆ ಏನು ಕೊಟ್ಟರೂ ಅದರ ಮೇಲೆ ಕೊಟ್ಟವರ ಹೆಸರು ಬರೆಸುವುದು ರೂಢಿ. ಫ್ಯಾನಿನ ರೆಕ್ಕೆಯ ಮೇಲೆ, ಗಡಿಯಾರದ ಗಾಜಿನ ಮೇಲೆ, ಕಪಾಟಿನ ಬಾಗಿಲ ಮೇಲೆ, ಬಿಸಿಯೂಟದ ಅನ್ನದ ಪಾತ್ರೆಯ ಹೊಟ್ಟೆಯ ಮೇಲೆ, ಎಲ್ಲ ಕಡೆ ಹೆಸರುಗಳು. ಕರೆಂಟು ಹೋಗಿ ಫ್ಯಾನು ನಿಂತಾಗ ಮಕ್ಕಳು ತಲೆ ಎತ್ತಿ ಆ ಹೆಸರುಗಳನ್ನು ಜೋರಾಗಿ ಓದುತ್ತಿದ್ದರು. ಅದರಲ್ಲಿ ನನಗೇನೂ ಬೇಸರವಿರಲಿಲ್ಲ. ಕೊಟ್ಟವರು ಹೆಸರು ಬಯಸಿದರೆ ತಪ್ಪೇನು.

ಆ ವರ್ಷ ವಾರ್ಷಿಕೋತ್ಸವದ ಮೊದಲು ಶಾಲೆಯ ಖಾತೆಯ ಹಣದಿಂದ ಒಂದು ಕಬ್ಬಿಣದ ಬೆಂಚು ತರಿಸಿದೆವು, ನನ್ನ ಕೋಣೆಯ ಹೊರಗೆ ಪೋಷಕರು ಕೂರಲಿಕ್ಕೆ. ಅಧ್ಯಕ್ಷರ ಅಂಗಡಿಯಿಂದಲೇ ಬಂತು, ಬಿಲ್ಲಿಗೆ ಚೆಕ್ಕೂ ಹೋಯಿತು. ಇಳಿಸಿ ನೋಡಿದರೆ ಬೆನ್ನಿಗೆ ಒರಗುವ ತಗಡಿನ ಮೇಲೆ ಹಳದಿ ಅಕ್ಷರದಲ್ಲಿ ಅವರ ತಂದೆಯ ಹೆಸರು, ಕೆಳಗೆ 'ಸ್ಮರಣಾರ್ಥ ಕೊಡುಗೆ' ಎಂದು. ತೀರಿಕೊಂಡ ಆ ಹಿರಿಯರು ಒಳ್ಳೆಯ ಮನುಷ್ಯ. ಶಾಲೆಯ ಬಾವಿ ತೋಡುವಾಗ ಕೂಲಿ ತೆಗೆದುಕೊಳ್ಳದೆ ಮಣ್ಣು ಹೊತ್ತವರು ಎಂದು ಊರಿನ ಹಳಬರು ಹೇಳುತ್ತಿದ್ದರು. ಅವರ ಹೆಸರು ಬರೆಯುವುದಿದ್ದರೆ ಬಾವಿಕಟ್ಟೆಯ ಮೇಲೆ ಬರೆಯಬೇಕಿತ್ತು.

"ಅಧ್ಯಕ್ಷರೇ, ಇದು ಶಾಲೆಯ ಹಣದ ಬೆಂಚಲ್ವಾ?" ಎಂದು ಕೇಳಿದೆ.

"ಹೌದು ಟೀಚರೇ. ಹಾಗಾದ್ರೆ ಎಂತ ಆಯ್ತು? ಬೆಂಚು ಬಂತಲ್ಲ. ಹೆಸರಿದ್ರೆ ಬೆಂಚಿಗೆ ನೋವಾಗ್ತದಾ?"

"ಬಿಲ್ಲಿನ ಹಣ ನೀವು ಖಾತೆಗೆ ಕಟ್ಟಿ. ಹೆಸರು ಇರ್ಲಿ."

"ನೋಡುವ," ಎಂದರು. ನಮ್ಮ ಕಡೆ 'ನೋಡುವ' ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು ಎಂದರ್ಥ.

ವಾರ್ಷಿಕೋತ್ಸವ ಹತ್ತಿರ ಬಂದರೂ ಹಣ ಬರಲಿಲ್ಲ. ನಾನು ಹಿಂದಿನ ಭಾನುವಾರ ಶಾಲೆಗೆ ಹೋಗಿ ಥಿನ್ನರ್ ಹಾಕಿ ಆ ಅಕ್ಷರಗಳನ್ನು ಉಜ್ಜಿದೆ. ಥಿನ್ನರ್ ತಂದದ್ದು ಅವರದೇ ಅಂಗಡಿಯಿಂದ, ಕೈಯಿಂದ ನಗದು ಕೊಟ್ಟು. ಅದು ನನ್ನ ಸೊಕ್ಕು, ಇರಲಿ. ಬಣ್ಣ ಕಿತ್ತು ಬಂತು, ಆದರೆ ತಗಡಿನ ಮೇಲೆ ಅಕ್ಷರಗಳ ಬಿಳಿಚಿದ ಗುರುತು ಹಾಗೇ ಉಳಿಯಿತು. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ.

ವಾರ್ಷಿಕೋತ್ಸವದ ದಿನ ಅವರು ವೇದಿಕೆಯಿಂದಲೇ ಆ ಬೆಂಚನ್ನು ನೋಡಿದರು. ಶಾಲು ಹೊದೆಸಿಕೊಂಡರು, ಹಾರ ಹಾಕಿಸಿಕೊಂಡರು, ಸರಕಾರಿ ಕನ್ನಡ ಶಾಲೆಗಳನ್ನು ಉಳಿಸಬೇಕು ಎಂದು ಉದ್ದದ ಭಾಷಣ ಮಾಡಿದರು. ಆ ದಿನದ ನಂತರ ನನಗೆ ಅವರ ಒಂದು ಸಹಿಯೂ ಸಿಗಲಿಲ್ಲ.

ಅದೇ ಹೊತ್ತಿಗೆ ಬಾವಿಯ ಪಂಪು ಸುಟ್ಟುಹೋಯಿತು. ಪೈಪುಗಳು ಮೊದಲೇ ಒಡೆದಿದ್ದವು, ಟ್ಯಾಂಕಿನ ಬುಡ ಸೀಳಿತ್ತು. ಬಾವಿಯಲ್ಲಿ ನೀರಿತ್ತು, ಮೇಲೆ ಬರುವ ದಾರಿ ಇರಲಿಲ್ಲ. ಅಡುಗೆಯವರು ಬಿಸಿಯೂಟಕ್ಕೆ ಬೇಕಾದ್ದನ್ನು ಹಗ್ಗದಲ್ಲಿ ಸೇದುತ್ತಿದ್ದರು. ಶೌಚಾಲಯಕ್ಕೆ ನೀರು ಎಲ್ಲಿಂದ ಬರಬೇಕು? ಗಂಡುಮಕ್ಕಳು ಗುಡ್ಡೆಯ ಕಡೆ ಓಡಿದರು. ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟರು. ಬೆಳಿಗ್ಗೆ ತುಂಬಿ ತಂದ ಬಾಟಲಿಗಳು ಸಂಜೆ ತುಂಬಿಯೇ ಮನೆಗೆ ಹೋಗುತ್ತಿದ್ದವು. ಮಾರ್ಚಿನ ಸೆಕೆಯಲ್ಲಿ ಒಣಗಿದ ತುಟಿ ಇಟ್ಟುಕೊಂಡು ಕೂತ ಆ ಹುಡುಗಿಯರಿಗೆ ನಾನು ಆರೋಗ್ಯದ ಪಾಠ ಮಾಡುತ್ತಿದ್ದೆ.

ಅವರ ನಡುವೆ ಅಧ್ಯಕ್ಷರ ಮಗಳೂ ಇದ್ದಳು. ಆರನೇ ತರಗತಿ, ಅಚ್ಚುಕಟ್ಟಾದ ಹುಡುಗಿ, ಲೆಕ್ಕದಲ್ಲಿ ಚುರುಕು. ಅವಳ ಮೇಲೆ ನಾನು ಒಮ್ಮೆಯೂ ಸಿಡುಕಲಿಲ್ಲ. ಇದನ್ನು ನನ್ನ ದೊಡ್ಡ ಗುಣ ಎಂದು ಯಾರೂ ತಿಳಿಯಬೇಡಿ. ನನ್ನ ಸಿಟ್ಟನ್ನು ಹಂಚಿ ಹಾಳು ಮಾಡಲಿಕ್ಕೆ ನನಗೆ ಮನಸ್ಸಿರಲಿಲ್ಲ, ಪೂರ್ತಿ ಅವಳ ಅಪ್ಪನಿಗೇ ಬೇಕಿತ್ತು.

ಖಾತೆಯಲ್ಲಿ ಅನುದಾನದ ಹಣವಿತ್ತು. ಮಾರ್ಚ್ ಕೊನೆಯೊಳಗೆ ಖರ್ಚು ಮಾಡದಿದ್ದರೆ ಅದು ವಾಪಸು ಹೋಗುತ್ತದೆ. ನಿಯಮದಂತೆ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿದೆ. ಅಧ್ಯಕ್ಷರ ಅಂಗಡಿಯದೇ ಎಲ್ಲಕ್ಕಿಂತ ಜಾಸ್ತಿ, ಬೆಳ್ತಂಗಡಿಯ ಅಂಗಡಿಯದು ಕಡಿಮೆ. ಬೆಳ್ತಂಗಡಿಯವರ ಹೆಸರಿಗೆ ಚೆಕ್ ಬರೆದು, ನನ್ನ ಸಹಿ ಹಾಕಿ, ಶಾಲೆ ಬಿಟ್ಟ ಮೇಲೆ ಅಧ್ಯಕ್ಷರ ಅಂಗಡಿಗೆ ಹೋದೆ. ಕಣ್ಣಿಗೆ ಕನ್ನಡಕ ಇಲ್ಲ ನಾಳೆ ಬನ್ನಿ ಎಂದರು. ಮರುದಿನ ಲೋಡು ಬಂದಿದೆ ಎಂದರು. ಇನ್ನೊಂದು ದಿನ ಅಮಾವಾಸ್ಯೆಯಂತೆ, ಹಣದ ಕಾಗದ ಮುಟ್ಟುವುದಿಲ್ಲವಂತೆ. ಅದೇ ಅಮಾವಾಸ್ಯೆಯ ದಿನ ಗಿರಾಕಿಗಳ ನೋಟು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು.

ಮೊಳೆ ತೂಗುವವರ, ಪೇಂಟು ಕೇಳುವವರ ನಡುವೆ ನಾನು ಚೆಕ್ ಹಿಡಿದುಕೊಂಡು ನಿಂತಿರುತ್ತಿದ್ದೆ. ಅವರಲ್ಲಿ ಅರ್ಧ ಜನ ನನ್ನ ಹತ್ತಿರ ಅಕ್ಷರ ಕಲಿತವರು. ಒಂದು ಸಂಜೆ ಅಂಥವನೊಬ್ಬ, ಈಗ ಪ್ಲಂಬಿಂಗ್ ಕೆಲಸ ಮಾಡುವವನು, ನಾಚಿಕೆಯಿಂದ ಒಂದು ಸ್ಟೂಲು ಎಳೆದು ತಂದು "ಕುಲ್ಲುಲೆ ಟೀಚರ್" ಎಂದು ತುಳುವಿನಲ್ಲಿ ಕೂರಲು ಹೇಳಿದ.

ಅಧ್ಯಕ್ಷರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ತಲೆ ಎತ್ತಲಿಲ್ಲ. "ಬೇಡ ಮಾರಾಯ. ಟೀಚರಿಗೆ ನಿಂತು ಅಭ್ಯಾಸ ಉಂಟು," ಎಂದರು.

ಅಂಗಡಿಯಲ್ಲಿದ್ದ ಒಬ್ಬಿಬ್ಬರು ನಕ್ಕರು. ಆ ಹುಡುಗ ಸ್ಟೂಲನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ನಾನು ಕೂರಲಿಲ್ಲ, ಹೊರಡಲೂ ಇಲ್ಲ. ಬಸ್ಸಿನ ಹೊತ್ತಿನವರೆಗೆ ನಿಂತೇ ಇದ್ದೆ. ಆ ಹೊತ್ತಿನಲ್ಲಿ ಆ ಮನುಷ್ಯನಿಗೆ ಏನೇನು ಮಾಡಬೇಕೆಂದು ನಾನು ಯೋಚಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಓದಬಹುದು.

ಮಾರ್ಚ್ ಮುಗಿಯಿತು. ಹಣ ವಾಪಸು ಹೋಯಿತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಂದ ಹಣವನ್ನು ಯಾಕೆ ಬಳಸಲಿಲ್ಲ ಎಂದು ಕಚೇರಿಯಿಂದ ನನಗೆ ವಿವರಣೆ ಕೇಳಿದರು. ಬೇಸಿಗೆ ರಜೆಯ ಮೊದಲು ಪೋಷಕರ ಸಭೆ ಕರೆದೆ. ಒಬ್ಬ ತಾಯಿ ಎದ್ದು ನಿಂತು, ಪಂಪಿನ ಹಣ ಬಂದದ್ದು ಹೌದಾ ಎಂದು ಕೇಳಿದರು. ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದವರು, ಎದುರು ಮಾತಾಡುವ ಹೆಂಗಸು.

ನಾನು ಬಾಯಿ ತೆಗೆಯುವ ಮೊದಲು ಅಧ್ಯಕ್ಷರೇ ಹೇಳಿದರು. "ಹಣ ಬಂದದ್ದು ಹೌದು. ಎಲ್ಲಿ ಹೋಯ್ತು ಅಂತ ಟೀಚರ್ ಹತ್ರ ಕೇಳಿ."

"ವಾಪಸು ಹೋಯ್ತು. ಅಧ್ಯಕ್ಷರು ಚೆಕ್ಕಿಗೆ ಸೈನ್ ಹಾಕ್ಲಿಲ್ಲ," ಎಂದೆ.

"ಲೆಕ್ಕ ಸರಿ ಇದ್ರೆ ನಾನು ಯಾಕೆ ಸೈನ್ ಹಾಕುದಿಲ್ಲ?" ಎಂದರು ಅವರು, ಬಹಳ ಸಾವಧಾನವಾಗಿ.

ಅಷ್ಟೇ. ನಾನು ಕಳ್ಳಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ಜಗಳವಾಡಬಹುದಿತ್ತು. ಬೀಡಿ ಕಟ್ಟುವ ಆ ತಾಯಿಯ ನೋಟ ನನ್ನ ಮುಖದಿಂದ ಇಳಿದು ನನ್ನ ಕೊರಳ ಸರದ ಮೇಲೆ ನಿಂತಿತು. ಮದುವೆಯಲ್ಲಿ ಅಮ್ಮ ಹಾಕಿದ ಸರ ಅದು. ಅಂದಿನಿಂದ ಅದನ್ನು ಹಾಕಿಕೊಂಡು ಶಾಲೆಗೆ ಹೋಗಲು ನನಗೆ ಆಗಲಿಲ್ಲ. ನಿವೃತ್ತಿಗೆ ಒಂದೇ ವರ್ಷ ಬಾಕಿಯಿತ್ತು. ಇಷ್ಟು ಕಾಲ ಕೆಲಸ ಮಾಡಿ, ಹೆಣ್ಣುಮಕ್ಕಳ ನೀರಿನ ಹಣ ತಿಂದವಳು ಎಂಬ ಹೆಸರು ಹೊತ್ತುಕೊಂಡು ನಾನು ಆ ಗೇಟು ದಾಟಬೇಕಿತ್ತು.

ಸುಮ್ಮನೆ ಬಿಡಬಾರದು ಎಂದು ಆ ದಿನ ನಿರ್ಧಾರ ಮಾಡಿದೆ. ದೇವರಿಗೆ ಹರಕೆ ಹೇಳಲಿಲ್ಲ. ದೇವರು ನಿಧಾನಿ, ನನಗೆ ಅಷ್ಟು ಸಮಯವಿರಲಿಲ್ಲ.

ರಜೆಯಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಪಂಪು, ಪೈಪು, ಟ್ಯಾಂಕಿಗೆಂದು ಹಣ ಒಟ್ಟು ಮಾಡಿದರು. ಮುಂದೆ ನಿಂತವನು ಆ ಸ್ಟೂಲಿನ ಹುಡುಗನೇ. ಆದರೆ ಅದನ್ನೂ ಜಂಟಿ ಖಾತೆಗೇ ಕಟ್ಟಿದರು, ರಶೀದಿ ಬೇಕಲ್ಲ. ಹಣ ಮತ್ತೆ ಆ ಒಂದು ಸಹಿಯ ಹಿಂದೆ ಸಿಕ್ಕಿಬಿತ್ತು.

ಜೂನಿನಲ್ಲಿ ಶಾಲೆ ಶುರುವಾಯಿತು. ಪ್ರಾರಂಭೋತ್ಸವಕ್ಕೆ ಬಲೂನು ಕಟ್ಟಿ ಮಕ್ಕಳಿಗೆ ಸಿಹಿ ಹಂಚಿದೆವು. ನಮ್ಮ ಮಕ್ಕಳು ನಮ್ಮ ಕನ್ನಡ ಶಾಲೆಯಲ್ಲೇ ಕಲಿಯಬೇಕು, ಇಂಗ್ಲಿಷ್ ಶಾಲೆಯ ವ್ಯಾನು ನೋಡಿ ಮರುಳಾಗಬಾರದು ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ನಾನು ಮಕ್ಕಳ ಸಾಲು ನೋಡುತ್ತಿದ್ದೆ. ಅವರ ಮಗಳು ಸಾಲಿನಲ್ಲಿರಲಿಲ್ಲ.

"ಅವಳಿಗೆ ಸ್ವಲ್ಪ ಜ್ವರ. ಹಾಜರಿ ಹಾಕಿ ಬಿಡಿ ಟೀಚರೇ," ಎಂದರು ಹೋಗುವಾಗ.

ನಾನು ಹಾಜರಿ ಹಾಕಲಿಲ್ಲ. ಕೆಲವು ದಿನ ಕಳೆದು, ಬೆಳಿಗ್ಗೆ ಬಸ್ಸು ಇಳಿಯುವಾಗ, ಮೂಡುಬಿದಿರೆ ಕಡೆಗೆ ಹೋಗುವ ಹಳದಿ ವ್ಯಾನು ನನ್ನ ಎದುರಿನಿಂದಲೇ ಹಾದುಹೋಯಿತು. ಕಿಟಕಿಯಲ್ಲಿ ಆ ಹುಡುಗಿ. ಟೈ, ಬೂಟು, ಎರಡು ಜಡೆಗೆ ಕೆಂಪು ರಿಬ್ಬನ್ನು. ನನ್ನನ್ನು ಕಂಡು ಪಾಪ, ಅಭ್ಯಾಸಬಲದಿಂದ ಎದ್ದು ನಿಂತು ನಮಸ್ತೆ ಮಾಡಿದಳು. ನಾನೂ ಕೈ ಎತ್ತಿದೆ. ನನ್ನ ಮುಖದಲ್ಲಿ ಅಷ್ಟು ದೊಡ್ಡ ನಗು ಯಾಕೆ ಬಂತೆಂದು ಆ ಮಗುವಿಗೆ ಗೊತ್ತಾಗಿರಲಿಕ್ಕಿಲ್ಲ.

ವಿಷಯ ಇಷ್ಟೇ. ಈಗ ಮಕ್ಕಳ ಹೆಸರು ಕಂಪ್ಯೂಟರಿನಲ್ಲಿರುತ್ತದೆ, ಒಂದು ಶಾಲೆಯವರು ಬಿಡದೆ ಇನ್ನೊಂದು ಶಾಲೆಯವರು ಸೇರಿಸಿಕೊಳ್ಳುವಂತಿಲ್ಲ. ವರ್ಗಾವಣೆ ಪತ್ರ, ಅಂದರೆ ಟಿಸಿ, ನನ್ನ ಕೈಯಿಂದಲೇ ಹೋಗಬೇಕು. ಇನ್ನೊಂದು ಸಂಗತಿ ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಮಗು ಶಾಲೆಯಲ್ಲಿ ಓದುತ್ತಿದ್ದರೆ ಮಾತ್ರ ತಂದೆತಾಯಿಗೆ ಸಮಿತಿಯಲ್ಲಿ ಜಾಗ. ಮಗು ಹೋದ ದಿನವೇ ಪದವಿಯೂ ಹೋಗುತ್ತದೆ. ಮೊದಲ ಸಭೆಯಲ್ಲಿ ನಾನೇ ನಿಯಮಗಳನ್ನು ಓದಿ ಹೇಳಿದ್ದೆ. ಆಗ ಅವರು ಫೋನಿನಲ್ಲಿ ಸಿಮೆಂಟಿನ ದರ ಕೇಳುತ್ತಿದ್ದರು.

ಅವರು ಬರುತ್ತಾರೆ ಎಂದು ಕಾದೆ. ನಾನು ಏನು ಹೇಳಬೇಕೆಂದು ದಿನಾ ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. ಕನ್ನಡಕ ಇಲ್ಲ, ನಾಳೆ ಬನ್ನಿ. ಇವತ್ತು ಅಮಾವಾಸ್ಯೆ. ಪ್ರಿಂಟರು ಸರಿ ಇಲ್ಲ, ನೋಡುವ. ಅವರನ್ನು ಜಗಲಿಯಲ್ಲಿ ನಿಲ್ಲಿಸಿ ನಾನು ನಿಧಾನವಾಗಿ ಚಹಾ ಕುಡಿಯುವುದನ್ನೂ ಕಲ್ಪಿಸಿಕೊಂಡಿದ್ದೆ.

ಒಂದು ಮಧ್ಯಾಹ್ನ ಜೋರು ಮಳೆಗೆ ಕೊಡೆ ಹಿಡಿದುಕೊಂಡು ಬಂದರು. ನಾನು ಆರನೇ ತರಗತಿಯಲ್ಲಿ ಭಿನ್ನರಾಶಿ ಮಾಡುತ್ತಿದ್ದೆ. ಕೂತಿರಿ ಎಂದು ಬೆಂಚು ತೋರಿಸಿದೆ. ಪಾಠ ಮುಗಿಸಿ ಬಂದಾಗ ಅದೇ ಬೆಂಚಿನಲ್ಲಿ, ತಂದೆಯ ಹೆಸರಿನ ಬಿಳಿಚಿದ ಗುರುತಿಗೆ ಬೆನ್ನು ಒರಗಿಸಿ ಕೂತಿದ್ದರು.

"ಮಗಳ ಟಿಸಿ ಬೇಕಿತ್ತು ಟೀಚರೇ. ಅಲ್ಲಿ ಕೇಳ್ತಾ ಇದ್ದಾರೆ, ನಾಳೆ ಒಳಗೆ ಕೊಡ್ಬೇಕಂತೆ. ಇಲ್ಲಿ ಯಾರಿಗೂ ಗೊತ್ತಾಗುದು ಬೇಡ."

'ನಾಳೆ ಬನ್ನಿ' ನನ್ನ ನಾಲಗೆಯ ತುದಿಯಲ್ಲಿತ್ತು. ನುಂಗಿದೆ. ಅವರನ್ನು ಕಾಯಿಸಿದರೆ ನನಗೆ ಒಂದು ದಿನದ ಖುಷಿ. ಕೂಡಲೇ ಕೊಟ್ಟರೆ ಅವರ ಕುರ್ಚಿಯೇ ಹೋಗುತ್ತದೆ.

"ಇವತ್ತೇ ಕೊಡ್ತೇನೆ. ಒಳಗೆ ಬನ್ನಿ," ಎಂದೆ. ಅವರ ಮುಖ ಅರಳಿತು. "ಹೇಗೂ ಬಂದಿದ್ದೀರಿ, ಈ ಚೆಕ್ಕಿಗೊಂದು ಸೈನ್ ಹಾಕಿ."

ಅದೇ ಬೆಳ್ತಂಗಡಿಯ ಅಂಗಡಿಗೆ ಬರೆದ ಹೊಸ ಚೆಕ್ಕು. ಹೆಸರು ನೋಡಿ ತುಟಿ ಓರೆ ಮಾಡಿದರು. ನನ್ನ ಮುಖ ನೋಡಿದರು, ಕಂಪ್ಯೂಟರು ನೋಡಿದರು, ಸಹಿ ಹಾಕಿದರು. ಕನ್ನಡಕ ಬೇಕಾಗಲಿಲ್ಲ. ನಾನು ಚೆಕ್ಕನ್ನು ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದೆ.

"ಇನ್ನು ಟಿಸಿಗೆ ಅರ್ಜಿ ಬರೀರಿ. ಶಾಲೆ ಬಿಡುವ ಕಾರಣ ಬರೀಬೇಕು."

"ಎಂತ ಬರೀಲಿ?"

"ಇದ್ದದ್ದು ಬರೀರಿ. ಇಂಗ್ಲಿಷ್ ಮೀಡಿಯಂ ಅಲ್ವಾ?"

ಅವರು ಪೆನ್ನು ತಿರುಗಿಸುತ್ತ ಮಳೆ ನೋಡಿದರು. ಆಮೇಲೆ ಸ್ವರ ತಗ್ಗಿಸಿ ಹೇಳಿದರು. "ಇಂಗ್ಲಿಷಿನ ಹುಚ್ಚು ನನಗೆ ಅಷ್ಟು ಇಲ್ಲ ಟೀಚರೇ. ಮನೆಯಲ್ಲಿ ಹೆಂಡತಿಯ ಗಲಾಟೆ. ಹುಡುಗಿ ಬೆಳೀತಾ ಇದ್ದಾಳೆ, ದಿನವಿಡೀ ನೀರು ಕುಡಿಯುದಿಲ್ಲ. ಇಲ್ಲಿ ಟಾಯ್ಲೆಟಿಗೆ ನೀರಿಲ್ಲ ಅಲ್ವಾ. ಅಲ್ಲಿ ಉಂಟು."

ಈ ಮಾತನ್ನು ಅವರು ನನ್ನ ಹತ್ತಿರ ಹೇಳಿದರು. ನನ್ನ ಹತ್ತಿರ. ಮಗುವಿನ ಕಷ್ಟ ಗೊತ್ತಿದ್ದೂ ಸಹಿ ಹಾಕಿರಲಿಲ್ಲ, ತನ್ನದೊಂದನ್ನು ವ್ಯಾನು ಹತ್ತಿಸಿ ಉಳಿದ ಹುಡುಗಿಯರನ್ನು ಒಣ ಬಾಯಲ್ಲಿ ಕೂರಿಸಿದ್ದರು. ಆ ಕ್ಷಣದವರೆಗೆ ನನ್ನ ಜಗಳ ನನ್ನ ಹೆಸರಿಗಾಗಿ ಇತ್ತು. ಆಮೇಲೆ ನನಗೆ ಅವರ ಮೇಲೆ ಒಂದಿಷ್ಟೂ ದಯೆ ಉಳಿಯಲಿಲ್ಲ.

"ಹಾಗೇ ಬರೀರಿ," ಎಂದೆ.

ಬರೆದರು. ತಾನು ಬರೆಯುತ್ತಿರುವುದು ಏನೆಂದು ಅವರಿಗೆ ಹೊಳೆಯಲೇ ಇಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಇಲ್ಲದ ಕಾರಣ ಮಗಳನ್ನು ಬಿಡಿಸುತ್ತಿದ್ದೇನೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದರು. ನಾನು ಟಿಸಿ ಪ್ರಿಂಟ್ ತೆಗೆದು, ಮೊಹರು ಹಾಕಿ, ಎರಡೂ ಕೈಯಲ್ಲಿ ಕೊಟ್ಟೆ.

"ಇನ್ನು ನಿಮಗೆ ಈ ಶಾಲೆಯ ತೊಂದರೆ ಇಲ್ಲ. ಮಗು ಇಲ್ಲಿ ಇಲ್ಲದಿದ್ರೆ ಸಮಿತಿಯಲ್ಲಿ ಇರ್ಲಿಕ್ಕೆ ಆಗುದಿಲ್ಲ. ಶನಿವಾರ ಸಭೆ ಕರೀತೇನೆ, ಹೊಸ ಅಧ್ಯಕ್ಷರು ಬರ್ತಾರೆ."

ಅವರು ಟಿಸಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. "ಇದನ್ನು ಮೊದ್ಲೇ ಹೇಳ್ಬಹುದಿತ್ತಲ್ಲ ಟೀಚರೇ. ಎರಡು ದಿನ ಕಾಯಿಸಿದ್ರೂ ಆಗ್ತಿತ್ತು."

"ಜನರನ್ನು ಕಾಯಿಸಿ ನನಗೆ ಅಭ್ಯಾಸ ಇಲ್ಲ," ಎಂದೆ.

ಕೊಡೆ ಮರೆತು ಹೋದರು. ಗೇಟಿನವರೆಗೆ ಒದ್ದೆಯಾಗಿ ಹೋಗಿ, ಮತ್ತೆ ಬಂದು ತೆಗೆದುಕೊಂಡರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬೆಳ್ತಂಗಡಿಯ ಬಸ್ಸು ಹಿಡಿದೆ.

ಶನಿವಾರದ ಸಭೆಯಲ್ಲಿ ಅಧ್ಯಕ್ಷರು ಯಾಕೆ ಬಿಟ್ಟರು ಎಂದು ಅದೇ ಬೀಡಿ ಕಟ್ಟುವ ತಾಯಿ ಕೇಳಿದರು. ವೈಯಕ್ತಿಕ ಕಾರಣ ಎಂದು ಹೇಳಬಹುದಿತ್ತು, ಮರ್ಯಾದೆಯ ಮಾತು ಅದು. ನಾನು ಅವರ ಕೈಯಕ್ಷರದ ಕಾರಣವನ್ನು ಇದ್ದ ಹಾಗೆ ಓದಿ ಹೇಳಿದೆ. ಹಳೆ ವಿದ್ಯಾರ್ಥಿಗಳ ಹಣ ಖಾತೆಯಲ್ಲಿ ಇಷ್ಟು ದಿನ ಯಾಕೆ ಬಿದ್ದಿತ್ತು ಎಂಬುದನ್ನು ನಾನು ಹೇಳಬೇಕಾಗಲಿಲ್ಲ, ಪ್ಲಂಬರ್ ಹುಡುಗ ಎದ್ದು ಸ್ಟೂಲಿನ ಕಥೆಯನ್ನೂ ಸೇರಿಸಿ ಹೇಳಿದ. ಆ ತಾಯಿ ನನ್ನ ಕಡೆ ನೋಡಿದರು. ಈ ಸಲ ನೋಟ ಮುಖದಿಂದ ಕೆಳಗೆ ಇಳಿಯಲಿಲ್ಲ. "ನಾವು ಬೇರೆ ಎಂತದೋ ಎಣಿಸಿದೆವು ಟೀಚರ್," ಎಂದರು. ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಸೋಮವಾರ ನಾನು ಸರ ಹಾಕಿಕೊಂಡು ಶಾಲೆಗೆ ಹೋದೆ.

ಪಂಪು ಬಂತು, ಟ್ಯಾಂಕು ಬಂತು, ಪೈಪು ಜೋಡಿಸಿದರು. ಗೋಡೆಗೆ ಸುಣ್ಣ ಬಳಿಯಲು ಬಂದ ಪೇಂಟರು ಕೊನೆಗೆ ಹಳದಿ ಡಬ್ಬಿ ಹಿಡಿದು, ಯಾರ ಹೆಸರು ಬರೆಯಬೇಕು ಟೀಚರ್ ಎಂದು ರೂಢಿಯಂತೆ ಕೇಳಿದರು. ಹೊಸ ಅಧ್ಯಕ್ಷರನ್ನು ಕೇಳಿದೆ. ನಿಮ್ಮ ಇಷ್ಟ ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ಬಾವಿಕಟ್ಟೆಯ ಮೇಲೆ, ಬಾವಿ ತೋಡಿದ ಆ ಹಿರಿಯರ ಹೆಸರು ಬರೆಸಿದೆ. ಅದಕ್ಕೆ ಯಾರಲ್ಲೂ ಹಣ ಕೇಳಲಿಲ್ಲ. ಮಗನ ಹೆಸರನ್ನು ಹೆಣ್ಣುಮಕ್ಕಳ ಶೌಚಾಲಯದ ಗೋಡೆಯ ಮೇಲೆ ಬರೆಸಿದೆ, ರಸ್ತೆಗೆ ಕಾಣುವ ಬದಿಯಲ್ಲಿ, ದೊಡ್ಡದಾಗಿ. 'ಈ ನೀರಿನ ಚೆಕ್ಕಿಗೆ ಸಹಿ ಮಾಡಿದವರು' ಎಂದು ಮೇಲೆ, 'ಮಾಜಿ ಅಧ್ಯಕ್ಷರು' ಎಂದು ಕೆಳಗೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಎರಡು ದಿನಕ್ಕೆ ಅವರ ಅಂಗಡಿಯ ಕೆಲಸದವರು ಬಂದು ಜಗಲಿಯ ಕೆಳಗೆ ನಿಂತರು. "ಟೀಚರ್, ಆ ಹೆಸರು ಅಳಿಸ್ಲಿಕ್ಕೆ ಹೇಳಿದ್ದಾರೆ."

"ಥಿನ್ನರ್ ಅವರ ಅಂಗಡಿಯಲ್ಲೇ ಉಂಟಲ್ಲ. ಭಾನುವಾರ ಬಂದು ಅವರೇ ಉಜ್ಜಲಿ," ಎಂದೆ. "ಕೈ ತೊಳೀಲಿಕ್ಕೆ ಈಗ ಅಲ್ಲಿ ನೀರು ಉಂಟು ಅಂತ ಹೇಳಿ."

ಅವರು ಇನ್ನೂ ಬಂದಿಲ್ಲ.